ಸೇವಂತಿಗೆ ಗಿಡ ಸೊಂಪಾಗಿದೆ, ಮೊಗ್ಗೇ ಇಲ್ಲ: ಪ್ರತಿಕ್ರಿಯೆ

ಗಿಡ ಎಲೆ ತುಂಬಿಕೊಂಡು ಎತ್ತರಕ್ಕೆ ಬೆಳೆದಿದೆ, ಆದರೆ ಒಂದು ಮೊಗ್ಗೂ ಇಲ್ಲ ಅಂದಿದ್ದೀರಿ. ಕುಂಡ ಇರುವುದು ರಾತ್ರಿಯಿಡೀ ಉರಿಯುವ ದೀಪದ ಕೆಳಗೆ ಅಂತಲೂ ಬರೆದಿದ್ದೀರಿ. ನನ್ನ ಅನುಮಾನ ಆ ದೀಪದ ಮೇಲೆಯೇ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಿರಬೇಕು, 12 ಗಂಟೆಗೂ ಹೆಚ್ಚು ಕತ್ತಲು ಸಿಕ್ಕರೆ ಒಳ್ಳೆಯದು. ನಡುರಾತ್ರಿ ಬೆಳಕು ಬಿದ್ದರೆ ಗಿಡ ಬರೀ ಎಲೆ ಬಿಡುತ್ತಲೇ ಇರುತ್ತದೆ. ಹೂ ತಡವಾಗಿ ಬರಲಿ ಅಂತ ಬೆಳೆಗಾರರು ಬೇಕಂತಲೇ ರಾತ್ರಿ ಬಲ್ಬ್ ಹಾಕುವುದುಂಟು! ಕುಂಡವನ್ನು ದಿನಾ ಎತ್ತಿಡುವುದಕ್ಕಿಂತ ದೀಪ ಆರಿಸುವುದೇ ಸುಲಭ, ಅಲ್ವಾ? ಹಗಲಲ್ಲಿ ಮಾತ್ರ 5-6 ಗಂಟೆ ಬಿಸಿಲು ಬೀಳಲಿ.

ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೂ ಎಲೆಯದೇ ಅಬ್ಬರ.

ತುದಿ ಚಿವುಟಬೇಕಾ ಅಂತ ಕೇಳಿದ್ದೀರಿ. ಈಗ ಬೇಡ. ಎಳೆಯ ಗಿಡ ಅರ್ಧ ಅಡಿ ಬೆಳೆದಾಗ ಚಿವುಟಿದರೆ ಪಕ್ಕದ ಕವಲು ಒಡೆದು ಹೂ ಹೆಚ್ಚುತ್ತದೆ. ಮೊಗ್ಗು ಕಟ್ಟುವ ಹೊತ್ತಲ್ಲಿ ಚಿವುಟಿದರೆ ಹೂ ಇನ್ನೂ ತಡ. ಬಾಗಿದ ಕೊಂಬೆಗೆ ಒಂದು ಕೋಲು ಊರಿ ಸಡಿಲವಾಗಿ ಕಟ್ಟಿ, ಸಾಕು. ಕತ್ತಲು ಸರಿಯಾಗಿ ಸಿಗತೊಡಗಿದ ಮೇಲೆ ಮೊಗ್ಗು ಕಾಣಲು ಮೂರ್ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸುಮ್ನೆ ಗೊಬ್ಬರ ಸುರಿಯಬೇಡಿ.