ಮಾತು ದಾಟುತ್ತದೆ, ಒತ್ತಿದ ಅಂಕಿ ದಾಟುವುದಿಲ್ಲ

ಪ್ರಶ್ನೆ: ಎರಡು ಕಚೇರಿಗಳ ನಡುವಿನ ಫೋನ್ ಸಂಪರ್ಕದಲ್ಲಿ ಬ್ಯಾಂಡ್‌ವಿಡ್ತ್ ಉಳಿಸಲೆಂದು ಕೋಡೆಕ್ (ದನಿಯನ್ನು ಬಿಟ್‌ಗಳಾಗಿಸಿ ಮರಳಿ ದನಿಯಾಗಿಸುವ ವಿಧಾನ) ಅನ್ನು ಜಿ.711ರಿಂದ ಜಿ.729ಕ್ಕೆ ಬದಲಿಸಿದೆವು. ಮಾತು ಸ್ಪಷ್ಟವಾಗಿದೆ. ಆದರೆ ಐವಿಆರ್‌ನಲ್ಲಿ (‘ಇದಕ್ಕೆ 1 ಒತ್ತಿ’ ಎನ್ನುವ ಸ್ವಯಂಚಾಲಿತ ಉತ್ತರ ವ್ಯವಸ್ಥೆ) ಒತ್ತಿದ ಅಂಕಿ ಆಗಾಗ ತಪ್ಪುತ್ತದೆ, ಫ್ಯಾಕ್ಸ್ ಹೋಗುವುದೇ ಇಲ್ಲ, ಹೋಲ್ಡ್ ಸಂಗೀತ ಗೊರಗೊರ ಎನ್ನುತ್ತದೆ. ಏಕೆ?

ಉತ್ತರ: ಉಪಕರಣ ಕೆಟ್ಟಿಲ್ಲ. ಜಿ.711 ಸೆಕೆಂಡಿಗೆ ದನಿಯ 8000 ಸ್ಯಾಂಪಲ್ (ಅಳತೆ) ತೆಗೆದು, ಒಂದೊಂದನ್ನೂ 8 ಬಿಟ್‌ನಲ್ಲಿ ಬರೆದು 64 ಕಿಲೋಬಿಟ್ ಕಳಿಸುತ್ತದೆ. ಅದು ಯಾರ ದನಿ, ಯಾವ ಸದ್ದು ಎಂದು ನೋಡುವುದಿಲ್ಲ. ಜಿ.729 ಹಾಗಲ್ಲ, ಬಂದದ್ದೆಲ್ಲ ಮನುಷ್ಯನ ಗಂಟಲಿನದೇ ಎಂದು ನಂಬಿ ಕೆಲಸ ಮಾಡುತ್ತದೆ. 10 ಮಿಲಿಸೆಕೆಂಡಿನ ಮಾತಿಗೆ ಅದು ಕೊಡುವುದು ಬರೀ 80 ಬಿಟ್. ಅದರಲ್ಲಿ 18 ಬಿಟ್ ಬಾಯಿ-ಗಂಟಲಿನ ಆಕಾರಕ್ಕೆ, 14 ದನಿಯ ಏರಿಳಿತಕ್ಕೆ, 14 ಗಟ್ಟಿತನಕ್ಕೆ. ಉಳಿದ 34 ಬಿಟ್‌ನಲ್ಲಿ ಪ್ರತಿ 40 ಸ್ಯಾಂಪಲ್‌ಗೆ ನಾಲ್ಕೇ ನಾಲ್ಕು ಪಲ್ಸ್‌ಗಳ (ಸಣ್ಣ ಮಿಡಿತಗಳ) ಜಾಗ ಮತ್ತು ಚಿಹ್ನೆ (+ ಅಥವಾ −). ಆ ಕಡೆಯವರು ಕೇಳುವುದು ಈ ವಿವರಣೆಯಿಂದ ಹೊಸದಾಗಿ ಕಟ್ಟಿದ ದನಿ.

ಈಗ 1ನ್ನು ಒತ್ತಿ ನೋಡಿ. 697 ಮತ್ತು 1209 ಹರ್ಟ್ಸ್‌ನ ಎರಡು ಶುದ್ಧ ಸ್ವರಗಳು ಒಟ್ಟಿಗೆ ಹೊರಡುತ್ತವೆ. ಯಾವ ಗಂಟಲೂ ಹೀಗೆ ನುಡಿಯದು. ಮರಳಿ ಕಟ್ಟುವಾಗ ಎರಡು ಸ್ವರಗಳ ಮಟ್ಟ ಏರುಪೇರಾಗುತ್ತದೆ, ನಡುವೆ ಇಲ್ಲದ ಸದ್ದು ಸೇರುತ್ತದೆ, ಐವಿಆರ್ ತಿರಸ್ಕರಿಸುತ್ತದೆ. ಆದ್ದರಿಂದ ಅಂಕಿಯನ್ನು ಸದ್ದಾಗಿ ಕಳಿಸಲೇಬೇಡಿ. ಎರಡೂ ತುದಿಯಲ್ಲಿ ಡಿಟಿಎಂಎಫ್ (ಒತ್ತಿದ ಅಂಕಿಯ ಜೋಡಿ ಸ್ವರ) ವಿಧಾನವನ್ನು ಆರ್‌ಎಫ್‌ಸಿ 4733ಕ್ಕೆ, ಅಂದರೆ ಅಂಕಿಯನ್ನು ಸದ್ದಿನ ಬದಲು ಬೇರೆ ಪ್ಯಾಕೆಟ್‌ನಲ್ಲಿ ಮಾಹಿತಿಯಾಗಿ ಕಳಿಸುವ ಮಾನದಂಡಕ್ಕೆ, ಇಡಿ. ಆ ಪ್ಯಾಕೆಟ್‌ಗಳನ್ನು ಗುರುತಿಸುವ ಪೇಲೋಡ್ ಸಂಖ್ಯೆ (ಸಾಮಾನ್ಯವಾಗಿ 101) ಎರಡೂ ಕಡೆ ಹೊಂದುತ್ತದೆಯೇ ನೋಡಿ. ಸದ್ದೂ ಜೊತೆಗೆ ಹೋಗುತ್ತಿದ್ದರೆ ಒಂದೇ ಅಂಕಿ ಎರಡು ಸಲ ದಾಖಲಾಗಬಹುದು.

ಫ್ಯಾಕ್ಸ್‌ನ ಸದ್ದೂ ಗಂಟಲಿನದಲ್ಲ, ಅದಕ್ಕೆ ಟಿ.38 (ಫ್ಯಾಕ್ಸ್ ಅನ್ನು ಸದ್ದಾಗಿಸದೆ ಡೇಟಾ ಆಗಿ ಕಳಿಸುವ ಮಾನದಂಡ) ಬಳಸಿ. ಇಲ್ಲವೇ ಫ್ಯಾಕ್ಸ್‌ನ ಎಕ್ಸ್‌ಟೆನ್ಶನ್ (ಒಳಸಂಖ್ಯೆ) ಒಂದನ್ನು ಜಿ.711ರಲ್ಲೇ ಬಿಟ್ಟು, ಮೌನ ಬಂದಾಗ ಕಳಿಸುವುದನ್ನು ನಿಲ್ಲಿಸುವ ವಿಎಡಿಯನ್ನು ಆಫ್ ಮಾಡಿ. ಜಿ.729ರಲ್ಲಿ ಹೋಲ್ಡ್ ಸಂಗೀತಕ್ಕೆ ಮದ್ದಿಲ್ಲ, ಅದರ ಬದಲು ಧ್ವನಿ ಸಂದೇಶ ಹಾಕಿ.

ಉಳಿತಾಯದ ಲೆಕ್ಕವನ್ನೂ ಇನ್ನೊಮ್ಮೆ ಮಾಡಿ ಎಂದು ಒತ್ತಿ ಹೇಳುತ್ತೇವೆ. 20 ಮಿಲಿಸೆಕೆಂಡಿನ ಪ್ಯಾಕೆಟ್‌ನಲ್ಲಿ ಜಿ.729ರ ಮಾತು 20 ಬೈಟ್, ಐಪಿ-ಯುಡಿಪಿ-ಆರ್‌ಟಿಪಿ ಹೆಡರ್ (ಪ್ಯಾಕೆಟ್‌ನ ಮೇಲಿನ ವಿಳಾಸ, ಕ್ರಮಸಂಖ್ಯೆ ಮುಂತಾದ ಮಾಹಿತಿ) 40 ಬೈಟ್. ಹೀಗಾಗಿ ಒಂದು ಕರೆಗೆ ಒಂದು ದಿಕ್ಕಿನಲ್ಲಿ ಬೇಕಾಗುವುದು ಮಾತಿಗಷ್ಟೇ ಸಾಲುವ 8 ಅಲ್ಲ, ಸೆಕೆಂಡಿಗೆ 24 ಕಿಲೋಬಿಟ್. ಜಿ.711ಕ್ಕೆ 80. ಪ್ಯಾಕೆಟ್ ಅನ್ನು 40 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ 24 ಇದ್ದದ್ದು 16ಕ್ಕೆ ಇಳಿಯುತ್ತದೆ, ಆದರೆ ಒಂದು ಪ್ಯಾಕೆಟ್ ಕಳೆದರೆ ಮಾತಿನ ಒಂದು ತುಣುಕೇ ಹೋಗುತ್ತದೆ.