ಹೊದಿಕೆಯೊಳಗಿನ ಪಿಸುಮಾತು

"ಮಲಗಿಸಿದ ಮೇಲೆ ಒಬ್ಬೊಬ್ಬಳೇ ಮಾತಾಡ್ತಾಳೆ, ನಿದ್ದೆ ಮಾಡಲ್ಲ" ಎಂದು ಬರುವ ತಂದೆತಾಯಂದಿರು ನನಗೆ ಹೊಸಬರಲ್ಲ. ಹೆಚ್ಚಿನವರಿಗೆ ಹತ್ತು ನಿಮಿಷದ ಸಮಾಧಾನ ಸಾಕಾಗುತ್ತದೆ. ಈ ತಾಯಿಗೆ ಸಾಕಾಗಲಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮಗಳಿಗೆ ಎರಡೂವರೆ ವರ್ಷ. ಹಗಲೆಲ್ಲ ಚೂಟಿ. ಕರೆದರೆ ತಿರುಗುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಮುಕ್ಕಾಲು ಗಂಟೆ ಮಾತು. ತಾಯಿ ಮತ್ತೆ ಮತ್ತೆ ಒಳಗೆ ಹೋಗಿ "ಶ್, ಸುಮ್ನೆ ಮಲಗು" ಎಂದು ಗದರುತ್ತಿದ್ದರು. ಎರಡನೇ ಭೇಟಿಗೆ ಆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದರು.

ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಬಗ್ಗಿ ಕೇಳಿದೆವು. "ಬಸ್ ಬಂತು. ಬಸ್ ಬರತ್ತೆ. ಬರಲ್ಲ. ಬಸ್ ಬರಲ್ಲ. ಅಜ್ಜಿ ಬಂತು..." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಜ್ಜಿ ಬಂದ್ರು. ಬಂದ್ರು, ಬಂದ್ರು" ಎಂದು ರಾಗ.

ನನಗೆ ಮೈ ಜುಮ್ಮೆಂದಿತು. ಬಸ್ಸಿಗೆ 'ಬಂತು', ಅಜ್ಜಿಗೆ 'ಬಂದ್ರು' ಎಂದು ಆ ಕತ್ತಲಲ್ಲಿ ಯಾರೂ ಹೇಳಿಕೊಡುತ್ತಿರಲಿಲ್ಲ. ತಾನೇ ಹೇಳಿ, ತಾನೇ ಕೇಳಿಸಿಕೊಂಡು, ತಾನೇ ತಿದ್ದಿಕೊಂಡಿದ್ದಳು.

ತಾಯಿಗೆ ಇದನ್ನೇ ವಿವರಿಸಿದೆ. ಭಾಷಾವಿಜ್ಞಾನಿ ರೂತ್ ವೇರ್ ತಮ್ಮ ಪುಟ್ಟ ಮಗ ನಿದ್ದೆಗೆ ಮುಂಚೆ ಆಡುತ್ತಿದ್ದ ಮಾತನ್ನು ಟೇಪ್ ಮಾಡಿ, 1962ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಅವನೂ ಹೀಗೇ ಒಂದೊಂದು ಪದ ಬದಲಿಸಿ ಅದೇ ವಾಕ್ಯ ಹೇಳಿ ನೋಡುತ್ತಿದ್ದ. ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ ಮತ್ತು ಜೊತೆಗಾರರು ಎಮಿಲಿ ಎಂಬ ಮಗುವಿನ 21ರಿಂದ 36 ತಿಂಗಳವರೆಗಿನ ಮಾತನ್ನು ಅಭ್ಯಾಸ ಮಾಡಿದರು. ಅಪ್ಪನ ಜೊತೆ ಮಾತಾಡುವಾಗಿನದಕ್ಕಿಂತ ಒಬ್ಬಳೇ ಇದ್ದಾಗ ಅವಳ ಮಾತು ಹೆಚ್ಚು ಬೆಳೆದಿರುತ್ತಿತ್ತು. ನಡೆದದ್ದನ್ನು, ನಡೆಯಲಿರುವುದನ್ನು ಹಾಸಿಗೆಯಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ತಾಯಿ ತಲೆಯಾಡಿಸಿದರು. ಮುಖ ಮಾತ್ರ ಬಿಗಿಯಾಗಿಯೇ ಇತ್ತು.

"ಇನ್ನೊಂದಿದೆ ಮೇಡಂ. ನಿನ್ನೆಯದು."

ಮೊದಲು ಏನೂ ಕೇಳಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೆ. ಬಟ್ಟೆ ಸರಿದ ಸದ್ದು, ಅದರೊಳಗೆ ಪಿಸುಪಿಸು. ಮಗು ಮುಸುಕು ಹಾಕಿಕೊಂಡು ಮಾತಾಡುತ್ತಿತ್ತು. ಈ ಪ್ರಕರಣ ನನ್ನನ್ನು ಬಿಡದೆ ಕಾಡಿದ್ದು ಆ ಸದ್ದಿನಿಂದ.

"ನಿಮಗೆ ಯಾಕೆ ಇಷ್ಟು ಭಯ?" ಎಂದು ಕೇಳಿದೆ.

"ನಮ್ಮ ದೊಡ್ಡಪ್ಪ ಹೀಗೇ ಮೇಡಂ. ಗೋಡೆ ನೋಡಿಕೊಂಡು ಮಾತಾಡ್ತಿದ್ರು. ನೋಡಿದವರೆಲ್ಲ ನಗ್ತಿದ್ರು."

ಅಲ್ಲಿಗೆ ಗಂಟು ಸಿಕ್ಕಿತು. ದೊಡ್ಡವರಲ್ಲಿ ಕಾಣುವ, ಇಲ್ಲದ ದನಿ ಕೇಳಿಸುವ ಕಾಯಿಲೆ ಬೇರೆ, ಮಾತು ಕಲಿಯುವ ಮಗುವಿನ ಈ ಆಟ ಬೇರೆ. ಒಂದು ಇನ್ನೊಂದರ ಶುರುವಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಇನ್ನು ಮೇಲೆ ಒಳಗೆ ಹೋಗಿ ಸುಮ್ಮನಿರಿಸಬೇಡಿ, ರೆಕಾರ್ಡಿಂಗ್ ಕೂಡ ನಿಲ್ಲಿಸಿ ಎಂದೆ. ಅತ್ತರೆ, ಕರೆದರೆ ಹೋಗಲೇಬೇಕು. ಸುಮ್ನೆ ಮಾತಾಡುತ್ತಿದ್ದರೆ ಬಾಗಿಲಾಚೆಯೇ ಇರಿ.

ನಿದ್ದೆಯ ಲೆಕ್ಕವನ್ನೂ ನೋಡಿದೆವು. ಈ ವಯಸ್ಸಿಗೆ ಹಗಲುನಿದ್ದೆಯೂ ಸೇರಿ 11ರಿಂದ 14 ಗಂಟೆ ಬೇಕು. ಇವಳಿಗೆ 12 ಗಂಟೆ ಆಗುತ್ತಿತ್ತು. ಆದರೆ ಸಂಜೆ 5ರವರೆಗೆ ಮಲಗುತ್ತಿದ್ದಳು. 8ಕ್ಕೆ ಮತ್ತೆ ಮಲಗು ಎಂದರೆ ನಿದ್ದೆ ಎಲ್ಲಿಂದ ಬರಬೇಕು, ಅಲ್ವಾ? ಮಧ್ಯಾಹ್ನ ಬೇಗ ಮಲಗಿಸಿ, 3ರೊಳಗೆ ಎಬ್ಬಿಸಲು ಹೇಳಿದೆ.

ನಾನು ಮಕ್ಕಳಿಗೆ ಸಲುಗೆ ಜಾಸ್ತಿ ಕೊಡಿಸುತ್ತೇನೆ ಎಂದು ಕೆಲವರು ಹೇಳುತ್ತಾರೆ. ಶಿಸ್ತು ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ದೀಪ ಆರಿಸುವ ಹೊತ್ತು, ಹಾಸಿಗೆ ಬಿಟ್ಟು ಏಳಬಾರದೆಂಬ ನಿಯಮ, ಇವು ಇರಲಿ. ಬಾಯಿ ಮಾತ್ರ ಮಗುವಿನದು. ಎರಡೂವರೆ ವರ್ಷಕ್ಕೇ ತನ್ನ ಮಾತನ್ನು ಬಚ್ಚಿಡಬೇಕು ಎಂದು ಒಂದು ಮಗು ಕಲಿತರೆ, ಅದನ್ನು ನಾನು ಶಿಸ್ತು ಎನ್ನಲಾರೆ. ಮಗು ಹಗಲಲ್ಲಿ ಯಾರೊಂದಿಗೂ ಬೆರೆಯದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ, ಕರೆದರೆ ಓಗೊಡದಿದ್ದರೆ, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಇವಳಲ್ಲಿ ಅಂಥದ್ದೇನೂ ಇರಲಿಲ್ಲ.

ಮೂರು ವಾರದ ಮೇಲೆ ಫೋನ್ ಬಂತು. ಮುಸುಕು ಹೋಗಿದೆ, ಈಗ ಹಜಾರಕ್ಕೂ ಕೇಳಿಸುತ್ತದಂತೆ. ದೊಡ್ಡಪ್ಪನ ವಿಷಯ ಇನ್ನೂ ಮುಗಿದಿಲ್ಲ. ಮುಂದಿನ ವಾರ ಬರುತ್ತೇನೆಂದಿದ್ದಾರೆ. ಮಗುವನ್ನು ಮನೆಯಲ್ಲೇ ಬಿಟ್ಟು ಒಬ್ಬರೇ ಬನ್ನಿ ಎಂದಿದ್ದೇನೆ.