ಡೆಸ್ಕ್‌ಟಾಪ್ ಕೊಳ್ಳಬೇಕು. ಸರ್ವೀಸ್ ಚೆನ್ನಾಗಿರುವ, ಮುಂದೆ ಅಪ್‌ಗ್ರೇಡ್ ಮಾಡಿಕೊಳ್ಳಬಹುದಾದ ಕಂಪನಿ ಯಾವುದು?

ನಿಮ್ಮ ಪ್ರಶ್ನೆ ಓದಿದಾಗ 2019ರಲ್ಲಿ ನಾನೇ ಕೂತು ಬರೆದ ಹಾಗಿತ್ತು. ಸಣ್ಣ ಊರು, 60 ಸಾವಿರ ಬಜೆಟ್, ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಮೂರು ದೊಡ್ಡ ಕಂಪನಿಗಳನ್ನು ಆರಿಸಿಟ್ಟುಕೊಂಡು ಇವುಗಳಲ್ಲಿ ಯಾರ ಸರ್ವೀಸ್ ಚೆನ್ನಾಗಿದೆ ಅಂತ ಕೇಳಿದ್ದೀರಿ. ಆ ಮೂರರಲ್ಲಿ ಒಂದನ್ನು ಆರಿಸಿಕೊಡಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ನನಗೆ ಆಗಿದ್ದನ್ನು ಕೇಳಬೇಕು.

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬಿಲ್ ಬುಕ್, ಯಕ್ಷಗಾನದ ಕರಪತ್ರ, ಫ್ಲೆಕ್ಸ್ ಡಿಸೈನ್, ಎಲ್ಲ ಒಂದೇ ಕಂಪ್ಯೂಟರಿನಲ್ಲಿ. 2019ರ ಜೂನ್‌ನಲ್ಲಿ ಹಳೆಯ ಮಷಿನ್ ಕೈಕೊಟ್ಟಿತು. ಶಿವಮೊಗ್ಗಕ್ಕೆ ಹೋಗಿ ಹೆಸರಾಂತ ಕಂಪನಿಯೊಂದರ ಸಣ್ಣ, ತೆಳು ಡಬ್ಬಿಯ ಡೆಸ್ಕ್‌ಟಾಪ್ ತಂದೆ. 43 ಸಾವಿರ. ನನ್ನ ಟೇಬಲ್ ಮೇಲೆ ಜಾಗ ಕಮ್ಮಿ, ಪ್ರಿಂಟರ್ ಪಕ್ಕದಲ್ಲಿ ಪುಸ್ತಕದ ಹಾಗೆ ನಿಲ್ಲಿಸಬಹುದು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಅಂಗಡಿಯವರ ಮಾತು. "ಸಾರ್, ಮೂರು ವರ್ಷ ಆನ್‌ಸೈಟ್ ವಾರಂಟಿ. ಏನೇ ಆದ್ರೂ ಎಂಜಿನಿಯರ್ ನಿಮ್ಮ ಅಂಗಡಿ ಬಾಗಿಲಿಗೇ ಬರ್ತಾರೆ." ನಾನು ತಲೆಯಾಡಿಸಿದೆ. ಒಳಗೆ ಏನಿದೆ ಅಂತ ಕೇಳಲಿಲ್ಲ.

ಮೊದಲ ಎರಡು ವರ್ಷ ದೂರುವಂಥದ್ದೇನೂ ಇರಲಿಲ್ಲ. 8 ಜಿಬಿ ರ‍್ಯಾಮ್ ಇತ್ತು, ಒಂದು ಸ್ಲಾಟ್ ಖಾಲಿ ಇತ್ತು, ಇನ್ನೊಂದು 8 ಹಾಕಿಸಿದೆ. ಎರಡನೇ ವರ್ಷ ಹಾರ್ಡ್ ಡಿಸ್ಕ್ ಹೋಯಿತು. ಫೋನ್ ಮಾಡಿದ ನಾಲ್ಕನೇ ದಿನ ಎಂಜಿನಿಯರ್ ಬಂದು ಹೊಸದು ಹಾಕಿ ಹೋದರು. 'ಮರುದಿನವೇ' ಅಂತ ಹೇಳಿದ್ದರಲ್ಲ ಅಂತ ಕಾಗದ ತೆಗೆದು ಓದಿದರೆ, ದೂರದ ಊರುಗಳಿಗೆ ಆ ಮಾತು ಅನ್ವಯಿಸುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಹೋಗಲಿ, ಬಂದು ಮಾಡಿಕೊಟ್ಟರಲ್ಲ ಅಂತ ನಾನೂ ಸಮಾಧಾನ ಮಾಡಿಕೊಂಡೆ. ಈ ಕಂಪನಿ ತಗೊಂಡಿದ್ದು ಒಳ್ಳೆಯದಾಯಿತು ಅಂತ ಇನ್ನಿಬ್ಬರಿಗೆ ಶಿಫಾರಸು ಕೂಡ ಮಾಡಿದೆ. ಅದು ಇವತ್ತಿಗೂ ಬೇಜಾರು.

2021ರಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಅಂತ ಹೊರಟೆ. ನಮ್ಮೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಪ್ಲೇಟ್ ಬಿಚ್ಚಿ ನೋಡಿ, "ಅಣ್ಣಾ, ಇದ್ರೊಳಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸ್ತದೆ. ಕರೆಂಟ್ ಕೊಡೋ ಕೇಬಲ್ಲೂ ಇಲ್ಲ" ಅಂದ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ದೊಡ್ಡ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯಿಂದ, ಬೇರೆ ಕೇಬಲ್ ಬರಬೇಕು. ನನ್ನ ಎಸ್‌ಎಂಪಿಎಸ್ ಇದ್ದದ್ದೇ 180 ವ್ಯಾಟ್‌ದು. ಹಾಗಾದರೆ ಬೇಡ ಬಿಡು ಅಂದೆ. ಅವತ್ತೇ ಯೋಚನೆ ಮಾಡಬೇಕಿತ್ತು. ಪ್ಲೇಟ್ ತೆರೆದೇ ಇತ್ತು, ಆ ಎಸ್‌ಎಂಪಿಎಸ್ ಕಣ್ಣೆದುರೇ ಇತ್ತು. ನೋಡಲಿಲ್ಲ.

2023ರ ಏಪ್ರಿಲ್. ಮೇ ತಿಂಗಳ ಮದುವೆಗಳ ಕಾಗದ ಅಚ್ಚಾಗುವ ಹೊತ್ತು. ಅದರ ಜೊತೆಗೆ ಮೇ 10ಕ್ಕೆ ವಿಧಾನಸಭೆ ಚುನಾವಣೆ. ವರ್ಷದಲ್ಲಿ ನಾನು ದುಡಿಯುವುದೇ ಆ ಎರಡು ತಿಂಗಳು. ಒಂದು ದಿನ ಬೆಳಗ್ಗೆ ಬಟನ್ ಒತ್ತಿದರೆ ಏನೂ ಇಲ್ಲ. ಲೈಟಿಲ್ಲ, ಫ್ಯಾನಿಲ್ಲ, ಸದ್ದಿಲ್ಲ. ವಾರಂಟಿ ಮುಗಿದು ಹತ್ತು ತಿಂಗಳಾಗಿತ್ತು.

ಅದೇ ಹುಡುಗನನ್ನು ಕರೆಸಿದೆ. ಮೂಸಿ ನೋಡಿದ, "ಎಸ್‌ಎಂಪಿಎಸ್ ಸುಟ್ಟಿದೆ" ಅಂದ. ಪೇಪರ್ ಕಟಿಂಗ್ ಮಷಿನ್‌ನ ಧೂಳು ಅದರ ಪುಟ್ಟ ಫ್ಯಾನಿನೊಳಗೆ ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಇಷ್ಟೇ ತಾನೇ ಅಂತ ನನಗೆ ಧೈರ್ಯ ಬಂತು. ಎಸ್‌ಎಂಪಿಎಸ್ ಅಂದರೆ ಅವನ ಅಂಗಡಿಯ ಕಪಾಟಿನಲ್ಲಿ ಸದಾ ಏಳೆಂಟು ಇರುತ್ತವೆ. ಬೈಕಲ್ಲಿ ಹೋಗಿ ಒಂದು ತಂದ. ನನ್ನ ಟೇಬಲ್ ಮೇಲೆ ನ್ಯೂಸ್ ಪೇಪರ್ ಹಾಸಿ ಎರಡನ್ನೂ ಪಕ್ಕಪಕ್ಕ ಇಟ್ಟ. ಅವನು ತಂದದ್ದು ಇಟ್ಟಿಗೆ ಥರ ಅಗಲ. ನನ್ನದು ಉದ್ದಕ್ಕೆ, ಟಾರ್ಚ್ ಪೆಟ್ಟಿಗೆ ಥರ ಸಪೂರ. ಅವನದರ ತುದಿಯಲ್ಲಿ 24 ಪಿನ್ನಿನ ಉದ್ದ ಪ್ಲಗ್. ನನ್ನದರಲ್ಲಿ 10 ಪಿನ್. ಎರಡು ಪ್ಲಗ್‌ಗಳನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. "ಅಣ್ಣಾ, ಇದು ಇಲ್ಲಿ ಆಗೋದಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪು ಇದೊಂದೇ. ಗೋಡೆಯ 230 ವೋಲ್ಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್ ಮಾಡಿಕೊಡುವ ಡಬ್ಬಿಯೇ ಎಸ್‌ಎಂಪಿಎಸ್. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಂತ ಒಂದು ಅಳತೆ ತಂದಿತು. ಬೋರ್ಡ್ ಎಷ್ಟಿರಬೇಕು, ಸ್ಕ್ರೂ ಎಲ್ಲಿ ಬರಬೇಕು, ಪ್ಲಗ್ ಹೇಗಿರಬೇಕು, ಎಲ್ಲ ಅದರಲ್ಲಿ ಗೊತ್ತುಪಡಿಸಿದ್ದು. ಅದರ ಪ್ರಕಾರದ ಎಸ್‌ಎಂಪಿಎಸ್ 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ. ಯಾವ ಕಂಪನಿಯದ್ದಾದರೂ ನಾಲ್ಕು ಸ್ಕ್ರೂ ಅದೇ ಜಾಗಕ್ಕೆ ಬರುತ್ತವೆ. ಅದಕ್ಕೇ ಸಾಗರದಲ್ಲೂ ಸಿಗುತ್ತದೆ, ಸಿದ್ದಾಪುರದಲ್ಲೂ ಸಿಗುತ್ತದೆ. ಆದರೆ ದೊಡ್ಡ ಕಂಪನಿಗಳು ಆಫೀಸಿಗೆ ಅಂತ ಮಾಡುವ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್ ಅವರದೇ ಆಕಾರದ್ದು, ಪ್ಲಗ್ಗೂ ಅವರದೇ. ನನ್ನದು ಬರೀ 12 ವೋಲ್ಟ್ ಕೊಡುವಂಥದ್ದು, ಉಳಿದ ವೋಲ್ಟೇಜನ್ನು ಬೋರ್ಡೇ ಮಾಡಿಕೊಳ್ಳುತ್ತಿತ್ತು. ಕರೆಂಟ್ ಉಳಿತಾಯಕ್ಕೆ ಅದು ಒಳ್ಳೆಯ ವಿಧಾನವೇ, ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಒಂದು ಡಬ್ಬಿ ಹೋದರೆ ಬೋರ್ಡು, ಪ್ರಾಸೆಸರ್, ರ‍್ಯಾಮ್, ಡಿಸ್ಕ್ ಎಲ್ಲ ಸರಿ ಇದ್ದೂ ಕಂಪ್ಯೂಟರ್ ಸುಮ್ನೆ ಕೂರುತ್ತದೆ. ಬೋರ್ಡಾದರೂ ಬೇರೆಯದು ಹಾಕೋಣ ಅಂದರೆ ಕ್ಯಾಬಿನೆಟ್ಟಿನ ಸ್ಕ್ರೂ ತೂತುಗಳೂ ಹೊಂದುವುದಿಲ್ಲ. ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಕೊಳ್ಳುವ ದಿನ ಪಕ್ಕದ ಪ್ಲೇಟ್ ತೆಗೆಸಿ, "ಇದಕ್ಕೆ ಮಾಮೂಲಿ ಎಸ್‌ಎಂಪಿಎಸ್ ಕೂರುತ್ತಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಎಲ್ಲ ಗೊತ್ತಾಗುತ್ತಿತ್ತು.

ಕಂಪನಿಗೆ ಫೋನ್ ಮಾಡಿದೆ. ಪಾರ್ಟ್ ತರಿಸಬೇಕು, 12ರಿಂದ 15 ದಿನ, ಮಷಿನ್ ಶಿವಮೊಗ್ಗಕ್ಕೆ ತಂದುಕೊಡಿ ಅಂದರು. 70 ಕಿಲೋಮೀಟರ್. ಕೊಟ್ಟು ಕಾಯುವುದಕ್ಕೆ ನನ್ನ ಹತ್ತಿರ ದಿನಗಳೇ ಇರಲಿಲ್ಲ. ಡಿಸ್ಕ್ ಬಿಚ್ಚಿ ಸ್ನೇಹಿತನ ಲ್ಯಾಪ್‌ಟಾಪಿಗೆ ಫೈಲ್ ಹಾಕಿಕೊಂಡೆ. ಅದರಲ್ಲಿ ಪೇಜ್‌ಮೇಕರ್ ಇಲ್ಲ, ನನ್ನ ನುಡಿ ಫಾಂಟುಗಳಿಲ್ಲ, ತೆರೆದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಒಬ್ಬ ಹೆಣ್ಣಿನ ತಂದೆ ಪ್ರೂಫ್ ನೋಡಲು ಮೂರು ದಿನ ಬಂದರು. ಮೂರನೇ ದಿನ "ತಮ್ಮಾ, ನಿನ್ನ ಮೇಲೆ ಬೇಜಾರಿಲ್ಲ, ಕಾಗದ ಹಂಚೋಕೆ ದಿನ ಬೇಕಲ್ಲ ಮಾರಾಯಾ" ಅಂತ ಹೇಳಿ ಮುಂಗಡವನ್ನೂ ವಾಪಸ್ ಕೇಳದೆ ಬೇರೆ ಪ್ರೆಸ್ಸಿಗೆ ಹೋದರು. ಮುಂಗಡ ನಾನೇ ಮನೆಗೆ ಹೋಗಿ ಕೊಟ್ಟು ಬಂದೆ.

ಐದನೇ ದಿನ ರಾತ್ರಿ ತಾಳಗುಪ್ಪದ ರೈಲು ಹತ್ತಿ ಬೆಂಗಳೂರಿಗೆ ಹೋದೆ, ಸುಟ್ಟ ಎಸ್‌ಎಂಪಿಎಸ್ ಚೀಲದಲ್ಲಿ. ಎಸ್‌ಪಿ ರೋಡಿನಲ್ಲಿ ಬೆಳಗ್ಗೆಯಿಂದ ಅಂಗಡಿ ಅಂಗಡಿ ತಿರುಗಿದೆ. ಹೊಸದು ಯಾರ ಹತ್ತಿರವೂ ಇಲ್ಲ. ಸಂಜೆ ಹೊತ್ತಿಗೆ ಒಂದು ಓಣಿಯ ಮಹಡಿ ಮೇಲೆ, ಕಂಪನಿಗಳು ಎಸೆದ ಹಳೆಯ ಮಷಿನ್ ಬಿಚ್ಚಿ ಮಾರುವವರ ಹತ್ತಿರ ಅದೇ ಮಾಡೆಲ್‌ದು ಸಿಕ್ಕಿತು. 2,800 ರೂಪಾಯಿ, ಏಳು ದಿನದ ಮಾತಿನ ಗ್ಯಾರಂಟಿ. ತಂದು ಹಾಕಿದೆ. ಎರಡು ದಿನ ಓಡಿ ಅದೂ ನಿಂತಿತು. ಪಾರ್ಸೆಲ್‌ನಲ್ಲಿ ಕಳಿಸಿ ಇನ್ನೊಂದು ತರಿಸಿದೆ. ಒಟ್ಟು 11 ದಿನ ಅಂಗಡಿಯಲ್ಲಿ ಕೆಲಸ ಇಲ್ಲ. ಏಳು ಮದುವೆ ಆರ್ಡರ್ ಹೋಯಿತು.

24 ಪಿನ್‌ನಿಂದ 10 ಪಿನ್‌ಗೆ ಬದಲಾಯಿಸುವ ಕೇಬಲ್ ಆನ್‌ಲೈನಲ್ಲಿ ಸಿಗುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಸಿಗುತ್ತದೆ, ಆಮೇಲೆ ಗೊತ್ತಾಯಿತು. ಆದರೆ ಅದು ನಿಮ್ಮ ಮಾಡೆಲ್‌ಗೇ ಅಂತ ಖಾತ್ರಿ ಮಾಡಿಕೊಳ್ಳಬೇಕು, ತಪ್ಪು ಪಿನ್ನಿಗೆ ಕರೆಂಟ್ ಹೋದರೆ ಬೋರ್ಡೂ ಹೋಗುತ್ತದೆ. ಮೇಲಾಗಿ ದೊಡ್ಡ ಎಸ್‌ಎಂಪಿಎಸ್ ಆ ತೆಳು ಡಬ್ಬಿಯೊಳಗೆ ಕೂರುವುದೇ ಇಲ್ಲ. ಹೊರಗಿಟ್ಟು ವೈರ್ ಎಳೆದುಕೊಂಡು, ಗಿರಾಕಿಗಳು ಓಡಾಡುವ ಅಂಗಡಿಯಲ್ಲಿ ಕೆಲಸ ಮಾಡೋಕಾಗುತ್ತಾ?

ಚುನಾವಣೆ ಮುಗಿದ ಮೇಲೆ ಅಸೆಂಬಲ್ಡ್ ಸಿಸ್ಟಮ್, ಅಂದರೆ ಬಿಡಿ ಪಾರ್ಟು ತಂದು ಜೋಡಿಸಿದ್ದು, ಮಾಡಿಸಿದೆ. ರೈಜನ್ 5 5600ಜಿ ಪ್ರಾಸೆಸರ್, ಬಿ550 ಬೋರ್ಡು, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್, ಗಾಳಿಯಾಡುವ ಮಾಮೂಲಿ ಟವರ್ ಕ್ಯಾಬಿನೆಟ್. ಮಾನಿಟರ್ ಹಳೆಯದೇ. ಸುಮಾರು 38 ಸಾವಿರ ಆಯಿತು. ಟವರ್ ಇಡಲು ಟೇಬಲ್ ಕೆಳಗೆ ಬಡಗಿಯ ಹತ್ತಿರ ಒಂದು ಹಲಗೆ ಹೊಡೆಸಿದೆ, 400 ರೂಪಾಯಿ. ಜಾಗದ ತೊಂದರೆ ಅಲ್ಲಿಗೆ ಮುಗಿಯಿತು. 2019ರಲ್ಲೇ ಹೊಡೆಸಬಹುದಿತ್ತು.

ಮರುವರ್ಷ ಮೇ ತಿಂಗಳಲ್ಲಿ ಸಿಡಿಲು ಬಡಿದು ಇದರ ಎಸ್‌ಎಂಪಿಎಸ್ಸೂ ಹೋಯಿತು. ನಮ್ಮ ಮಲೆನಾಡಲ್ಲಿ ಮಳೆ ಹಿಡಿಯುವ ಮುಂಚಿನ ಗುಡುಗು ಹೇಗಿರುತ್ತದೆ ಅಂತ ನಿಮಗೂ ಗೊತ್ತಲ್ವಾ. ಅದೇ ಹುಡುಗ ಬಂದ, ಕಪಾಟಿನಿಂದ ಒಂದು ತಂದ, ನಾಲ್ಕು ಸ್ಕ್ರೂ ಬಿಚ್ಚಿದ, ಹಾಕಿದ. 40 ನಿಮಿಷ. ಮಧ್ಯಾಹ್ನದ ಊಟಕ್ಕೆ ಮುಂಚೆ ನಾನು ಮತ್ತೆ ಪ್ರೂಫ್ ತೆಗೆಯುತ್ತಿದ್ದೆ. ಅವತ್ತೇ ಅರ್ಥಿಂಗ್ ಕೂಡ ಸರಿ ಮಾಡಿಸಿದೆ, ನೀವೂ ಮಾಡಿಸಿ.

ಈಗ ನಿಮ್ಮ ಪ್ರಶ್ನೆ. ಯಾವ ಕಂಪನಿಯ ಸರ್ವೀಸ್ ಚೆನ್ನಾಗಿದೆ ಅಂತ ಕೇಳೋದನ್ನೇ ಬಿಡಿ ಅನ್ನುತ್ತೇನೆ. ಸಣ್ಣ ಊರಲ್ಲಿ ಸರ್ವೀಸ್ ಅಂದರೆ ಕಂಪನಿಯ ಟೋಲ್‌ಫ್ರೀ ನಂಬರ್ ಅಲ್ಲ, ಬೈಕಲ್ಲಿ ಹತ್ತು ನಿಮಿಷಕ್ಕೆ ಬರುವ ರಿಪೇರಿಯವನು. ಅವನ ಕಪಾಟಿನಲ್ಲಿರುವ ಪಾರ್ಟು ನಿಮ್ಮ ಮಷಿನ್ನಿಗೆ ಕೂರುತ್ತಾ ಇಲ್ವಾ ಅನ್ನೋದನ್ನು ನೋಡಿ. ಕೂರುವುದಾದರೆ ಅಪ್‌ಗ್ರೇಡ್ ಕೂಡ ತಾನಾಗೇ ಆಗುತ್ತದೆ. ಎರಡೂ ಬೇರೆ ಬೇರೆ ವಿಷಯ ಅಂತ ನೀವು ಬರೆದಿದ್ದೀರಿ, ನನ್ನ ಪ್ರಕಾರ ಎರಡೂ ಒಂದೇ.

60 ಸಾವಿರಕ್ಕೆ ನಾನಾದರೆ ಅಸೆಂಬಲ್ಡ್ ಮಾಡಿಸುತ್ತೇನೆ. ವಿಡಿಯೊ ಎಡಿಟಿಂಗ್ ಅಂದಿದ್ದೀರಿ, ಹಾಗಾಗಿ ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸಬೇಡಿ, ಒಳ್ಳೆಯ ಕಂಪನಿಯ 550 ಅಥವಾ 650 ವ್ಯಾಟ್ ತಗೊಳ್ಳಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಮುಟ್ಟಬೇಡಿ. ಎಎಂಡಿ ಪ್ರಾಸೆಸರ್ ತಗೊಂಡರೆ ಎಎಂ5 ಬೋರ್ಡ್ ನೋಡಿ, ಎಎಂ5 ಅನ್ನೋದು ಪ್ರಾಸೆಸರ್ ಕೂರುವ ಸಾಕೆಟ್ಟಿನ ಹೆಸರು. ಅದು 2022ರಲ್ಲಿ ಬಂದದ್ದು, ಡಿಡಿಆರ್5 ರ‍್ಯಾಮ್ ಮಾತ್ರ ತಗೊಳ್ಳುತ್ತದೆ. ಹಿಂದಿನ ಎಎಂ4 ಬೋರ್ಡುಗಳಲ್ಲಿ ಜನ ಬೋರ್ಡ್ ಬದಲಿಸದೆ ಎಷ್ಟೋ ವರ್ಷ ಹೊಸ ಪ್ರಾಸೆಸರ್ ಹಾಕಿಕೊಂಡರು. ನಾಲ್ಕು ಸ್ಲಾಟಿನ ಬೋರ್ಡ್ ಸಿಕ್ಕರೂ ರ‍್ಯಾಮ್ ಮೊದಲೇ ಜೋಡಿಯಾಗಿ ತಗೊಳ್ಳಿ.

ಅಸೆಂಬಲ್ಡ್‌ನ ಕಷ್ಟವೂ ಇದೆ, ಅದನ್ನು ಮುಚ್ಚಿಡೋದಿಲ್ಲ. ವಾರಂಟಿ ಒಂದೊಂದು ಪಾರ್ಟಿಗೂ ಬೇರೆ ಬೇರೆ. ಯಾವುದು ಕೆಟ್ಟಿದೆ ಅಂತ ನೀವೇ ಕಂಡುಹಿಡಿದು ಕಳಿಸಬೇಕು. ಅದಕ್ಕೇ ಬಿಲ್ ಬಗ್ಗೆ ಹಟ ಮಾಡಿ. ಜಿಎಸ್‌ಟಿ ಬಿಲ್ ಬೇಕೇ ಬೇಕು, ಅದರಲ್ಲಿ ಪ್ರತಿಯೊಂದು ಪಾರ್ಟಿನ ಸೀರಿಯಲ್ ನಂಬರ್ ಬರೆದಿರಬೇಕು. ಪ್ರಾಸೆಸರ್ ಕಂಪನಿಯ ಡಬ್ಬಿ ಸಮೇತ ತಗೊಳ್ಳಿ. ಡಬ್ಬಿಯಿಲ್ಲದ್ದನ್ನು ಟ್ರೇ ಪೀಸ್ ಅಂತ ಕಮ್ಮಿಗೆ ಕೊಡುತ್ತಾರೆ, ಅದಕ್ಕೆ ಕಂಪನಿಯಿಂದ ನಮಗೆ ನೇರ ವಾರಂಟಿ ಇರುವುದಿಲ್ಲ. ಡಬ್ಬಿಗಳನ್ನು ಅಟ್ಟದ ಮೇಲೆ ಹಾಕಿಡಿ.

ಐವತ್ತು ಮಷಿನ್ ಇರುವ ಆಫೀಸಿಗೆ ಕಂಪನಿ ಡೆಸ್ಕ್‌ಟಾಪೇ ಸರಿ, ಒಂದು ಕೆಟ್ಟರೆ ಇನ್ನೊಂದರಲ್ಲಿ ಕೂರುತ್ತಾರೆ. ನಮ್ಮ ಹತ್ತಿರ ಇರುವುದು ಒಂದೇ. ಇನ್ನು ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಆಸೆ ತೋರಿಸಿದರೆ ಬೇಡ ಅನ್ನಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ಅಗ್ಗಕ್ಕೆ ಸಿಗುವ ಎಷ್ಟೋ ಅದಕ್ಕಿಂತ ಹಳೆಯವು.

ಇಷ್ಟಾದರೂ ಮನೆಯಲ್ಲಿ ಕಂಪನಿಯದ್ದೇ ಇರಲಿ ಅಂತ ಹಟ ಮಾಡಿದರೆ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಪಕ್ಕದ ಪ್ಲೇಟ್ ತೆಗೆಸಿ. ಬೋರ್ಡಿಗೆ ಹೋಗುವ ದಪ್ಪ ಪ್ಲಗ್ಗಿನಲ್ಲಿ ಪಿನ್ ಎಣಿಸಿ. ಎರಡು ಸಾಲು, ಸಾಲಿಗೆ 12, ಒಟ್ಟು 24 ಇರಬೇಕು. ಎಸ್‌ಎಂಪಿಎಸ್‌ನ ಅಗಲ ಒಂದು ಸ್ಕೇಲ್ ಇಟ್ಟು ಅಳೆಯಿರಿ, 15 ಸೆಂಟಿಮೀಟರ್ ಬರಬೇಕು. ಆಮೇಲೆ ನಿಮ್ಮ ಪಿನ್‌ಕೋಡಿಗೆ ಎಷ್ಟು ದಿನದಲ್ಲಿ ಎಂಜಿನಿಯರ್ ಬರುತ್ತಾರೆ ಅಂತ ಬಾಯಲ್ಲಿ ಅಲ್ಲ, ಕಾಗದದಲ್ಲಿ ಬರೆಸಿಕೊಳ್ಳಿ. ಅಂಗಡಿಯವರು ಪ್ಲೇಟ್ ಬಿಚ್ಚೋಕೆ ಒಪ್ಪದಿದ್ದರೆ ಆ ಮಷಿನ್ ಅಲ್ಲೇ ಬಿಟ್ಟು ಬನ್ನಿ. ಒಪ್ಪಿದರೆ ಒಳಗಿನ ಫೋಟೊ ತೆಗೆದು ಇಲ್ಲಿ ಹಾಕಿ, ನಾನೂ ನೋಡುತ್ತೇನೆ, ನಮ್ಮ ಹುಡುಗನಿಗೂ ತೋರಿಸುತ್ತೇನೆ.